ಪೆನ್ಸಿಲ್ ನಿಂತ ಪುಟ

ಸ್ಟ್ಯಾಟಿಸ್ಟಿಕಲ್ ಥರ್ಮೋಡೈನಾಮಿಕ್ಸ್ ಕಲಿಯಲು ಮೊದಲು ಯಾವ ಪುಸ್ತಕ ಓದಬೇಕು ಎಂದು ಯಾರನ್ನಾದರೂ ಕೇಳಿ ನೋಡಿ. ವಿಷಯ ಗೊತ್ತಿಲ್ಲದವರು ಹಾಗೆಂದರೇನು ಎಂದು ಹುಬ್ಬೇರಿಸಿ ಸುಮ್ಮನಾಗುತ್ತಾರೆ, ಅವರಿಂದ ಅಪಾಯವಿಲ್ಲ. ಗೊತ್ತಿರುವವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಒಂದು ಪುಸ್ತಕದ ಹೆಸರು ಹೇಳಿ, ಹೇಳಿದ ಉಸಿರು ಆರುವ ಮುನ್ನವೇ "ಆದರೆ ಅದಕ್ಕೂ ಮುಂಚೆ..." ಎಂದು ಇನ್ನೊಂದನ್ನು ಸೇರಿಸುತ್ತಾರೆ. ಹೀಗೆ ಹತ್ತು ಜನರನ್ನು ಕೇಳಿದರೆ ಇಪ್ಪತ್ತು ಪುಸ್ತಕ. ಎಂಟ್ರಪಿ, ಅಂದರೆ ಅಸ್ತವ್ಯಸ್ತತೆ, ತಾನಾಗಿ ಕಡಿಮೆಯಾಗದು ಎಂಬ ಎರಡನೆಯ ನಿಯಮವನ್ನು ಈ ಪುಸ್ತಕಗಳೆಲ್ಲ ಒಳಗೆ ವಿವರಿಸುತ್ತವೆ. ಅದು ಪುಸ್ತಕ ಹುಡುಕುವಾಗಲೇ ಜಾರಿಗೆ ಬಂದಿರುತ್ತದೆ ಎಂದು ಯಾವುದರ ಮುನ್ನುಡಿಯಲ್ಲೂ ಬರೆದಿಲ್ಲ.

ಈ ಗೊಡವೆ ನನಗೆ ಅಂಟಿದ್ದು ಅಕ್ಕನ ಮಗಳಿಂದ. ಅವಳು ಕೆಮಿಸ್ಟ್ರಿ ಎಂಎಸ್ಸಿಗೆ ಸೇರಿದ್ದಳು. ನಾನು ಡಿಗ್ರಿ ಕಾಲೇಜಿನಲ್ಲಿ ಅದೇ ಕೆಮಿಸ್ಟ್ರಿ ಪಾಠ ಹೇಳಿ ನಿವೃತ್ತನಾದವನು. ಅದಕ್ಕಿಂತ ಮುಖ್ಯವಾಗಿ, ನಮ್ಮ ಮನೆಯ ಹಜಾರದಲ್ಲಿ ಗಾಜಿನ ಬಾಗಿಲಿನ ಪುಸ್ತಕದ ಬೀರು ಇದೆ. ನಮ್ಮ ಬಂಧುಬಳಗದಲ್ಲಿ ಬೀರು ಇದ್ದವನೇ ವಿದ್ವಾಂಸ. ಬೀಗದ ಕೈ ಎಲ್ಲಿದೆ ಎಂದು ಯಾರೂ ವಿಚಾರಿಸುವುದಿಲ್ಲ.

"ಮಾವ, ಒಂದೇ ಒಂದು ಪುಸ್ತಕದ ಹೆಸರು ಹೇಳು. ಎರಡು ಹೇಳಬೇಡ," ಎಂದಳು ಫೋನಿನಲ್ಲಿ.

"ಎರಡು ಯಾಕೆ ಬೇಡ?"

"ಎರಡು ಹೇಳಿದ್ರೆ ಯಾವುದು ಮೊದಲು ಅಂತ ಮತ್ತೆ ಫೋನ್ ಮಾಡಬೇಕಾಗತ್ತೆ."

ಇಷ್ಟು ತರ್ಕ ಬಲ್ಲವಳಿಗೆ ಪುಸ್ತಕವೇ ಬೇಕಿಲ್ಲ ಎನ್ನಿಸಿತು. ಆದರೂ ಸೋದರಮಾವನ ಸ್ಥಾನದ ಗೌರವ ಉಳಿಸಿಕೊಳ್ಳಬೇಕಲ್ಲ, ನಾಲ್ಕು ಜನರನ್ನು ಕೇಳಿ ಹೇಳುತ್ತೇನೆ ಎಂದೆ.

ಕೇಳುವ ಮೊದಲು ಈ ಶಾಸ್ತ್ರದ ಕುಲಗೋತ್ರ ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಒಂದು ಗುಟುಕು ನೀರು ತೆಗೆದುಕೊಳ್ಳಿ, 18 ಗ್ರಾಂ ಎಂದಿಟ್ಟುಕೊಳ್ಳೋಣ. ಅದರಲ್ಲಿ 6.022 × 10²³ ಅಣುಗಳು. ಒಂದೊಂದನ್ನೂ ನಿಲ್ಲಿಸಿ "ಎತ್ತ ಹೊರಟೆ, ಎಷ್ಟು ವೇಗ?" ಎಂದು ಸೆಕೆಂಡಿಗೆ ಒಂದರಂತೆ ವಿಚಾರಿಸುತ್ತ ಹೋದರೆ, ವಿಶ್ವ ಹುಟ್ಟಿ ಇಲ್ಲಿಯವರೆಗೆ ಕಳೆದಿರುವ ಕಾಲದ ಹತ್ತು ಲಕ್ಷ ಪಟ್ಟಿಗೂ ಹೆಚ್ಚು ಸಮಯ ಬೇಕು. ಹಳೆಯ ಥರ್ಮೋಡೈನಾಮಿಕ್ಸ್ ಈ ವಿಚಾರಣೆಗೇ ಹೋಗುವುದಿಲ್ಲ. ಒತ್ತಡ ಎಷ್ಟು, ತಾಪ ಎಷ್ಟು, ಗಾತ್ರ ಎಷ್ಟು ಎಂದು ಹೊರಗಿನಿಂದಲೇ ಅಳೆದು, ಒಳಗೆ ಅಣುಗಳಿದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಕೈತೊಳೆದುಕೊಳ್ಳುತ್ತದೆ. ಸ್ಟ್ಯಾಟಿಸ್ಟಿಕಲ್ ಥರ್ಮೋಡೈನಾಮಿಕ್ಸ್ ಒಳಗಿನ ಅಣುಗಳನ್ನು ಒಪ್ಪಿಕೊಳ್ಳುತ್ತದೆ, ಆದರೆ ಒಬ್ಬೊಬ್ಬರ ಯೋಗಕ್ಷೇಮ ಕೇಳುವುದಿಲ್ಲ. ಇವೆಲ್ಲ ಒಟ್ಟಾರೆ ಎಷ್ಟು ಬಗೆಯಲ್ಲಿ ಇರಬಹುದು ಎಂದು ಎಣಿಸುತ್ತದೆ. ಆ ಎಣಿಕೆಯಿಂದಲೇ ತಾಪ, ಒತ್ತಡ, ಎಂಟ್ರಪಿ ಎಲ್ಲವನ್ನೂ ಹೊರಡಿಸುತ್ತದೆ. ಎಣಿಸುವುದಷ್ಟೇ ಕೆಲಸ. ಎಲ್ಲಿಂದ ಎಣಿಸಲು ಶುರುಮಾಡಬೇಕು ಎಂಬುದೇ ಜಗಳ, ಆ ಜಗಳದಿಂದಲೇ ಇಷ್ಟೊಂದು ಪುಸ್ತಕ.

ಮೊದಲು ಹೋದದ್ದು ನಮ್ಮ ಕಾಲೇಜಿನಲ್ಲೇ ಇದ್ದ ಫಿಸಿಕ್ಸ್ ಮೇಷ್ಟ್ರ ಮನೆಗೆ. ಪ್ರಶ್ನೆ ಪೂರ್ತಿ ಕೇಳುವ ತಾಳ್ಮೆಯೂ ಅವರಿಗಿರಲಿಲ್ಲ.

"ಲ್ಯಾಂಡೌ-ಲಿಫ್‌ಶಿಟ್ಸ್, ಐದನೇ ಸಂಪುಟ. ಅದೊಂದಿದ್ರೆ ಬೇರೇನೂ ಬೇಡ."

"ಹುಡುಗಿ ಈಗ ತಾನೇ ಎಂಎಸ್ಸಿ ಸೇರಿದಾಳೆ, ಮೇಷ್ಟ್ರೇ."

"ಅದಕ್ಕೇ ಹೇಳ್ತಿರೋದು. ಶುರುವಿನಲ್ಲೇ ಒಳ್ಳೆ ಅಭ್ಯಾಸ ಆಗಲಿ."

ಲೆವ್ ಲ್ಯಾಂಡೌ ಯಾರೆಂಬುದನ್ನು ಇಲ್ಲಿ ಹೇಳಬೇಕು. ಈ ಸೋವಿಯತ್ ಭೌತವಿಜ್ಞಾನಿ 1962ರಲ್ಲಿ ನೊಬೆಲ್ ಪಡೆದರು. ತಮ್ಮ ಬಳಿ ಕಲಿಯಲು ಬರುವವರಿಗೆ ಇವರು 'ಥಿಯರಿಟಿಕಲ್ ಮಿನಿಮಮ್' ಎಂಬ ಪರೀಕ್ಷೆ ಇಟ್ಟಿದ್ದರು. ಮಿನಿಮಮ್ ಎಂದರೆ ಕನಿಷ್ಠ. ಇಷ್ಟಾದರೂ ಗೊತ್ತಿರಲಿ ಎಂಬ ಉದಾರ ಮನಸ್ಸು. ಮೂರು ದಶಕಗಳ ಆಸುಪಾಸಿನಲ್ಲಿ ಆ ಕನಿಷ್ಠವನ್ನು ಮುಟ್ಟಿದವರು 43 ಮಂದಿ. ಅಷ್ಟು ಜನ ನಮ್ಮ ಕಾಲೇಜಿನಲ್ಲಿ ಒಂದು ಸೆಕ್ಷನ್ನಿನಿಂದಲೇ ಸಪ್ಲಿಮೆಂಟರಿಗೆ ಕೂರುತ್ತಿದ್ದರು. ಅಂಥ ಕೈಯಿಂದ ಬಂದ ಪುಸ್ತಕ ಅದ್ಭುತವೇ ಸರಿ. ಒಂದು ಸಾಲಿಗೂ ಮುಂದಿನ ಸಾಲಿಗೂ ನಡುವೆ ನಾವು ಎರಡು ಪುಟ ಲೆಕ್ಕ ಮಾಡಬೇಕು. ಅವರಿಗೆ ಅದು ಹೇಳದೆಯೇ ಹೊಳೆಯುತ್ತಿತ್ತು, ಆದ್ದರಿಂದ ಹೇಳಿಲ್ಲ.

ಎರಡನೆಯವರು ಬೆಳಗಿನ ವಾಕಿಂಗಿನಲ್ಲಿ ಸಿಗುವ ಹಿರಿಯರು. ಇವರದು ಮೂಲಗ್ರಂಥ ಪಕ್ಷ. ಭಾಷ್ಯ, ಟೀಕೆ, ಟಿಪ್ಪಣಿಗಳ ನೆರಳು ಬಿದ್ದರೂ ಸ್ನಾನ ಮಾಡುವ ಜಾತಿ. "ಗಿಬ್ಸ್ ಓದಲಿ," ಎಂದರು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿಲಾರ್ಡ್ ಗಿಬ್ಸ್ 1902ರಲ್ಲಿ ತಮ್ಮ ಪುಸ್ತಕ ಪ್ರಕಟಿಸಿ, ಮರುವರ್ಷವೇ ತೀರಿಕೊಂಡರು. ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್ ಎಂಬ ಹೆಸರನ್ನು ಪುಸ್ತಕದ ನೆತ್ತಿಯ ಮೇಲೆ ಹೊತ್ತು ಬಂದ ಮಹಾಕೃತಿ ಅದು. ವಸ್ತು ಯಾವುದರಿಂದ ಆಗಿದೆ ಎಂಬ ತಂಟೆಗೇ ಹೋಗದೆ, ಬರೀ ತರ್ಕದಿಂದ ಕಟ್ಟಿದ ಗೋಪುರ. ನಮ್ಮ ಹುಡುಗಿಗೋ ಮುಂದಿನ ತಿಂಗಳು ಇಂಟರ್ನಲ್ ಟೆಸ್ಟು.

"ಗಿಬ್ಸ್ ಕಷ್ಟ ಆದ್ರೆ ಬೋಲ್ಟ್ಸ್‌ಮನ್ ಓದಲಿ," ಎಂದರು ಹಿರಿಯರು, ರಿಯಾಯಿತಿ ಕೊಟ್ಟವರ ಧಾಟಿಯಲ್ಲಿ.

ವಿಯೆನ್ನಾದ ಬೋಲ್ಟ್ಸ್‌ಮನ್ನರ ಸಮಾಧಿಯ ಮೇಲೆ ಎಸ್ = ಕೆ ಲಾಗ್ ಡಬ್ಲ್ಯೂ ಎಂಬ ಸೂತ್ರ ಕೆತ್ತಿದ್ದಾರೆ. ಎಸ್ ಎಂದರೆ ಎಂಟ್ರಪಿ, ಡಬ್ಲ್ಯೂ ಎಂದರೆ ಎಷ್ಟು ಬಗೆ ಎಂಬ ಎಣಿಕೆ. ಇಡೀ ಶಾಸ್ತ್ರದ ಸಾರ ಒಂದು ಕಲ್ಲಿನ ಮೇಲೆ ಹಿಡಿಸಿದೆ. ಉಳಿದ ಪುಸ್ತಕಗಳೆಲ್ಲ ಆ ಕಲ್ಲಿನ ವಿಸ್ತೃತ ಆವೃತ್ತಿ. ಆದರೆ ಬೋಲ್ಟ್ಸ್‌ಮನ್ 1906ರಲ್ಲಿ ತಾವಾಗಿಯೇ ಪ್ರಾಣ ಕಳೆದುಕೊಂಡರು. ಅವರ ಶಿಷ್ಯ ಎರೆನ್‌ಫೆಸ್ಟ್ 1933ರಲ್ಲಿ ಅದೇ ದಾರಿ ಹಿಡಿದರು. ಡೇವಿಡ್ ಗುಡ್‌ಸ್ಟೈನ್ 1975ರ ತಮ್ಮ ಪಠ್ಯಪುಸ್ತಕವನ್ನು ಈ ಎರಡು ಸಾವುಗಳಿಂದಲೇ ಆರಂಭಿಸಿ, ಈಗ ನಮ್ಮ ಸರದಿ, ಹುಷಾರಾಗಿ ಹೆಜ್ಜೆಯಿಡೋಣ ಎಂಬ ಅರ್ಥದ ಮಾತು ಹೇಳುತ್ತಾರೆ. ವಿಜ್ಞಾನದ ಪಠ್ಯಗಳಲ್ಲಿ ಇಂಥ ಪ್ರಾಮಾಣಿಕ ಸ್ವಾಗತ ಅಪರೂಪ. ಅದನ್ನು ಮೆಚ್ಚಿಕೊಂಡೆ. ಆದರೆ ಈ ಪುಸ್ತಕ ಅಕ್ಕನ ಮನೆಯ ಮೇಜಿನ ಮೇಲೆ ಬಿದ್ದು, ಅಕ್ಕ ಅದರ ಮೊದಲ ಪುಟ ತೆರೆದರೆ ಏನಾಗಬಹುದೆಂದು ಯೋಚಿಸಿ, ಪಟ್ಟಿಯಿಂದ ಸದ್ದಿಲ್ಲದೆ ಕೆಳಗಿಳಿಸಿದೆ.

ಆಮೇಲೆ ಸ್ವದೇಶಿ ಪಕ್ಷ. ನನ್ನ ಹಳೆಯ ಸಹಪಾಠಿಯೊಬ್ಬ ಇದರ ಧುರೀಣ. ಅವನ ಪ್ರಕಾರ ಉಷ್ಣಕ್ಕೆ ಸಂಬಂಧಪಟ್ಟದ್ದನ್ನು ಉಷ್ಣದೇಶದವರೇ ಬರೆಯಬೇಕು. ಅವನ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಮೇಘನಾದ ಸಹಾ ಮತ್ತು ಶ್ರೀವಾಸ್ತವ ಬರೆದ ಉಷ್ಣದ ಪಠ್ಯ ನಮ್ಮ ಹಿಂದಿನ ತಲೆಮಾರನ್ನು ಸಾಕಿದೆ. ಆರ್. ಕೆ. ಪಥ್ರಿಯಾ ಅವರ 'ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್' 1972ರಲ್ಲಿ ಬಂದು ದೇಶವಿದೇಶಗಳ ತರಗತಿಗಳಲ್ಲಿ ಇನ್ನೂ ನಡೆಯುತ್ತಿದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಇ. ಎಸ್. ಆರ್. ಗೋಪಾಲ್ ಅವರದೂ ಒಂದು ಪುಸ್ತಕವಿದೆ. ಇನ್ನು ಸತ್ಯೇಂದ್ರನಾಥ ಬೋಸ್? ಢಾಕಾದಲ್ಲಿ ಪಾಠ ಹೇಳುತ್ತಿದ್ದಾಗ ಬಿಸಿ ವಸ್ತು ಸೂಸುವ ಬೆಳಕಿನ ಪ್ಲಾಂಕ್ ನಿಯಮವನ್ನು ಅದುವರೆಗೆ ಸಾಧಿಸಿ ತೋರಿಸಿದ್ದ ರೀತಿ ಬೋಸರಿಗೆ ಒಪ್ಪಿಗೆಯಾಗಲಿಲ್ಲ. ತಾವೇ ಹೊಸ ಬಗೆಯಲ್ಲಿ ಎಣಿಸಿ, 1924ರಲ್ಲಿ ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ಸ್ವತಃ ಜರ್ಮನ್ನಿಗೆ ಅನುವಾದಿಸಿ ಅಚ್ಚು ಹಾಕಿಸಿದರು. ಪುಸ್ತಕದಲ್ಲಿರುವುದು ಮನಸ್ಸಿಗೆ ಬಾರದಿದ್ದಾಗ ನಾವು ಇನ್ನೊಂದು ಪುಸ್ತಕದ ಅಂಗಡಿಗೆ ಹೋಗುತ್ತೇವೆ. ಬೋಸ್ ಹೊಸ ಸ್ಟ್ಯಾಟಿಸ್ಟಿಕ್ಸನ್ನೇ ಹುಟ್ಟಿಸಿದರು.

"ಹಾಗಾದ್ರೆ ಪಥ್ರಿಯಾನೇ ಹೇಳಲಾ?" ಎಂದೆ.

"ಹೇಳು. ಆದ್ರೆ ಅದಕ್ಕೆ ಮುಂಚೆ ಕ್ಲಾಸಿಕಲ್ ಮೆಕ್ಯಾನಿಕ್ಸು ಗಟ್ಟಿ ಇರಬೇಕು. ಆಮೇಲೆ ಕ್ವಾಂಟಂ. ಮ್ಯಾಥಮೆಟಿಕಲ್ ಫಿಸಿಕ್ಸಂತೂ ಬೇಕೇ ಬೇಕು."

ಒಂದೇ ಪುಸ್ತಕ ಕೇಳಿದ್ದ ಹುಡುಗಿಗೆ ಇಲ್ಲಿ ನಾಲ್ಕು ವರ್ಷದ ಕೋರ್ಸು ಸಿದ್ಧವಾಗಿತ್ತು.

ಕೊನೆಗೆ ನನ್ನದೇ ಪಕ್ಷ, ಕೆಮಿಸ್ಟ್ರಿಯವರದು. ನಮ್ಮಲ್ಲಿ ಎರಡು ಮಠ: ಟೆರೆಲ್ ಹಿಲ್ ಮತ್ತು ಡೊನಾಲ್ಡ್ ಮೆಕ್‌ಕ್ವಾರಿ. ಹಿಲ್ ಅವರ 'ಆನ್ ಇಂಟ್ರೊಡಕ್ಷನ್ ಟು ಸ್ಟ್ಯಾಟಿಸ್ಟಿಕಲ್ ಥರ್ಮೋಡೈನಾಮಿಕ್ಸ್' 1960ರದು. ಆಮೇಲೆ ಡೋವರ್ ಪ್ರಕಾಶನ ಅದನ್ನು ಬಡವರ ಕೈಗೂ ಎಟುಕುವಂತೆ ಮಾಡಿತು. ಮೆಕ್‌ಕ್ವಾರಿಯವರ ದಪ್ಪ ಪುಸ್ತಕ 1976ರದು. ಅಧ್ಯಾಯದ ಕೊನೆಯ ಸಮಸ್ಯೆಗಳು ಮುಗಿದವು ಅಂದುಕೊಂಡು ಪುಟ ತಿರುಗಿಸಿದರೆ ಇನ್ನಷ್ಟು ಇರುತ್ತವೆ. ಫಿಸಿಕ್ಸಿನವರ ಪುಸ್ತಕ ಬೇಗಬೇಗನೆ ಅಯಸ್ಕಾಂತಕ್ಕೋ ಬಿಳಿಕುಬ್ಜ ನಕ್ಷತ್ರಕ್ಕೋ ಹಾರಿಬಿಡುತ್ತದೆ. ನಮ್ಮವರು ಅಣುವಿನ ಜೊತೆಯೇ ಕೂತು, ಅದು ಹೇಗೆ ತಿರುಗುತ್ತದೆ, ಹೇಗೆ ಕಂಪಿಸುತ್ತದೆ ಎಂದು ಕೇಳಿ, ಕೊನೆಗೆ ಕ್ರಿಯೆಯ ಸಮತೋಲದ ಸ್ಥಿರಾಂಕವನ್ನು ಲೆಕ್ಕ ಹಾಕಿ ಕೈಗೆ ಕೊಡುತ್ತಾರೆ. ಈ ವ್ಯತ್ಯಾಸವನ್ನು ವಿವರಿಸಿದಾಗ ಫಿಸಿಕ್ಸ್ ಮೇಷ್ಟ್ರು, "ನಿಮ್ಮೋರು ಮೋಲ್ ಬಿಟ್ಟು ಮೇಲೆ ನೋಡೋದೇ ಇಲ್ಲ," ಎಂದು ನಕ್ಕರು. ಈ ಎರಡು ಇಲಾಖೆಗಳ ನಡುವೆ ಒಂದು ಕಾರಿಡಾರ್ ಅಷ್ಟೇ ಇರುತ್ತದೆ. ಆದರೆ ಎರಡೂ ಕಡೆ ಬೇಕಾದ ಪುಸ್ತಕಕ್ಕೆ ಇಂಡೆಂಟ್ ಯಾರು ಹಾಕಬೇಕು ಎಂದು ಹೊಂದಾಣಿಕೆಯಾದ ಕಾಲೇಜನ್ನು ನಾನು ನೋಡಿಲ್ಲ.

ಪಂಡಿತರು ಸಾಕೆಂದು ಅವೆನ್ಯೂ ರಸ್ತೆಗೆ ಹೋದೆ. ಹಳೆ ಪುಸ್ತಕದ ಅಂಗಡಿಗಳ ಆ ಸಾಲಿನಲ್ಲಿ ಕುರಿತೋದದೆಯೂ ಪುಸ್ತಕ ಬಲ್ಲವರಿದ್ದಾರೆ. ಅಂಗಡಿಯಾತ ಹೆಸರು ಕೇಳಿದ್ದೇ, "ಥರ್ಮೋನಾ? ಮೆಕ್ಯಾನಿಕಲ್ಲಾ, ಕೆಮಿಕಲ್ಲಾ ಸಾರ್?" ಎಂದು ಎಂಜಿನಿಯರಿಂಗಿನ ಗೋಪುರದತ್ತ ಕೈ ಹಾಕಿದ. ಎರಡೂ ಅಲ್ಲ, ಸ್ಟ್ಯಾಟಿಸ್ಟಿಕಲ್ ಎಂದೆ. "ಸ್ಟ್ಯಾಟ್ಸ್ ಅಂದ್ರೆ ಬಿಕಾಂ ರ‍್ಯಾಕು, ಆ ಕಡೆ," ಎಂದ. ವಿಷಯ ಎರಡು ರ‍್ಯಾಕುಗಳ ಸಂದಿಯಲ್ಲಿ ಬಿದ್ದುಹೋಗಿದೆ ಎಂದು ಒಬ್ಬ ತತ್ತ್ವಜ್ಞಾನಿಯೂ ಇಷ್ಟು ಚೆನ್ನಾಗಿ ಹೇಳಲಾರ. ಕೊನೆಗೆ ನೆಲದ ಮೇಲಿನ ಒಂದು ರಾಶಿಯಲ್ಲಿ ನನ್ನ ಪಟ್ಟಿಯ ಹಲವರು ಒಬ್ಬರ ಮೇಲೊಬ್ಬರು ಮಲಗಿದ್ದರು.

ನನ್ನ ಕಣ್ಣು ತೆರೆಸಿದ್ದು ಆ ರಾಶಿ. ಹಳೆ ಪುಸ್ತಕದಲ್ಲಿ ಹಿಂದಿನ ಮಾಲೀಕರ ಪೆನ್ಸಿಲ್ ಗುರುತು ಇರುತ್ತದೆ. ಲ್ಯಾಂಡೌ ತೆರೆದೆ: ಮೊದಲ ಕೆಲವು ಪುಟಗಳಲ್ಲಿ ಅಡಿಗೆರೆ ಎಷ್ಟು ಒತ್ತಿ ಎಳೆದಿತ್ತೆಂದರೆ ಹಿಂದಿನ ಪುಟಕ್ಕೂ ಮೂಡಿತ್ತು, ಆಮೇಲೆ ಒಂದು ಪ್ರಶ್ನಾರ್ಥಕ ಚಿಹ್ನೆ, ಅದಾದ ಮೇಲೆ ಎರಡು, ಮುಂದೆ ಕಾಗದ ಅಚ್ಚಾದ ದಿನದಷ್ಟೇ ಶುಭ್ರ. ಪಥ್ರಿಯಾದಲ್ಲಿ ಮೊದಲ ಅಧ್ಯಾಯ ಪೂರ್ತಿ ಯಾರೋ ಶ್ರದ್ಧೆಯಿಂದ ಲೆಕ್ಕ ಮಾಡಿದ್ದರು. ಎರಡನೆಯದರಲ್ಲಿ ಪೆನ್ಸಿಲ್ಲಿನ ಮೊನೆ ಮುರಿದಿರಬೇಕು, ಮತ್ತೆ ಚೂಪು ಮಾಡಿದ ಲಕ್ಷಣವಿಲ್ಲ. ಇನ್ನೊಂದರಲ್ಲಿ ಹಾಳೆಗಳ ನಡುವೆ ಬಸ್ ಟಿಕೆಟ್ಟು ಸಿಕ್ಕಿತು, ಓದುಗ ಅಲ್ಲೇ ಇಳಿದುಹೋಗಿದ್ದ.

ಪತ್ರಿಕೆಗಳ ವಿಮರ್ಶೆ, ಮುನ್ನುಡಿ, ಹಿಂಬದಿಯ ಹೊಗಳಿಕೆ ಯಾವುದೂ ಪೆನ್ಸಿಲ್ ನಿಂತ ಪುಟದಷ್ಟು ಸತ್ಯ ಹೇಳುವುದಿಲ್ಲ. ಅಂಗಡಿಯಾತನಿಗೂ ಈ ಗುಟ್ಟು ಗೊತ್ತಿತ್ತು. "ಒಳಗಡೆ ಗೀಚಿರೋದಕ್ಕೆ ರೇಟ್ ಕಮ್ಮಿ ಸಾರ್. ಆದ್ರೆ ಇದು ನೋಡಿ, ಹದಿನೈದು ಪೇಜ್ ಬಿಟ್ರೆ ಬ್ರ‍್ಯಾಂಡ್ ನ್ಯೂ," ಎಂದು ಲ್ಯಾಂಡೌಗೆ ಹೆಚ್ಚು ಬೆಲೆ ಹೇಳಿದ.

ಮನೆಗೆ ಬರುವಾಗ ಒಂದು ಅನುಮಾನ ತಲೆಯಲ್ಲಿ ಕೂತಿತು. ದಾರಿಯಲ್ಲೇ ಇದ್ದ ಫಿಸಿಕ್ಸ್ ಮೇಷ್ಟ್ರ ಮನೆಗೆ ನುಗ್ಗಿ ಕೇಳಿದೆ:

"ಮೇಷ್ಟ್ರೇ, ನೀವು ಮೊಟ್ಟಮೊದಲು ಈ ಸಬ್ಜೆಕ್ಟ್ ಕಲಿತಿದ್ದು ಯಾವ ಪುಸ್ತಕದಿಂದ?"

ಅವರು ಕಾಫಿ ಲೋಟವನ್ನು ಅಗತ್ಯಕ್ಕಿಂತ ನಿಧಾನವಾಗಿ ಕೆಳಗಿಟ್ಟರು. "ಆಗ ಲೈಬ್ರರಿ ಎಲ್ಲಿತ್ತು ಬಿಡಿ. ನಮ್ಮ ಮೇಷ್ಟ್ರು ನೋಟ್ಸ್ ಡಿಕ್ಟೇಟ್ ಮಾಡ್ತಿದ್ರು. ಪರೀಕ್ಷೆ ಹತ್ರ ಬಂದಾಗ ಒಂದು ತೆಳ್ಳನೆ ಗೈಡು..."

"ಲ್ಯಾಂಡೌ?"

"ಕೆಲಸಕ್ಕೆ ಸೇರಿದ್ಮೇಲೆ ಓದಿದ್ದು. ಆಹಾ, ಏನು ಪುಸ್ತಕ!"

ಮೂಲಗ್ರಂಥದ ಹಿರಿಯರನ್ನೂ ಮಾರನೆಯ ಬೆಳಗ್ಗೆ ಪಾರ್ಕಿನ ಎರಡನೆಯ ಸುತ್ತಿನಲ್ಲಿ ಇದೇ ಪ್ರಶ್ನೆಗೆ ಸಿಕ್ಕಿಸಿದೆ. ಅವರು ಗಿಬ್ಸ್ ಓದಿದ್ದು ಪಿಎಚ್.ಡಿ ಮುಗಿಸಿದ ಮೇಲೆ. ಸ್ವದೇಶಿ ಗೆಳೆಯ ಪಾಸಾಗಿದ್ದು ನನ್ನದೇ ನೋಟ್ಸಿನಿಂದ. ಅದಕ್ಕೆ ನಾನೇ ಸಾಕ್ಷಿ. ಅಲ್ಲಿಗೆ ವಿಷಯ ಇತ್ಯರ್ಥವಾಯಿತು. ಕೇಳಿದವರಿಗೆ ಜನ ಹೇಳುವುದು ತಮಗೆ ಕಲಿಸಿದ ಪುಸ್ತಕವನ್ನಲ್ಲ, ಕಲಿತಾದ ಮೇಲೆ ಮೆಚ್ಚಿದ ಪುಸ್ತಕವನ್ನು. ಕಲಿಸಿದ ಪುಸ್ತಕಕ್ಕೆ ಗ್ರಹಚಾರ ನೋಡಿ: ಅದು ಎಷ್ಟು ಚೆನ್ನಾಗಿ ಕಲಿಸುತ್ತದೋ ಅಷ್ಟು ಬೇಗ ನಮಗೆ ಬಾಲಿಶವಾಗಿ ಕಾಣುತ್ತದೆ. ಅದರಲ್ಲಿದ್ದದ್ದೆಲ್ಲ ನಮಗೆ ಹುಟ್ಟಿನಿಂದಲೇ ಗೊತ್ತಿತ್ತು ಅನ್ನಿಸಿಬಿಡುತ್ತದೆ. ಮೆಚ್ಚಿದ ಪುಸ್ತಕದ ಹೆಸರು ಹೇಳಿದರೆ ಮರ್ಯಾದೆ ಬರುತ್ತದೆ. ಕಲಿಸಿದ ಪುಸ್ತಕದ ಹೆಸರು ಹೇಳಿದರೆ ಇವನಿಗೂ ಒಂದು ಕಾಲದಲ್ಲಿ ಗೊತ್ತಿರಲಿಲ್ಲ ಎಂಬುದು ಬಯಲಾಗುತ್ತದೆ.

ಆದ್ದರಿಂದ ಸಲಹೆಗಾರರನ್ನು ಬಿಟ್ಟು, ಪುಸ್ತಕಗಳನ್ನೇ ಮೇಜಿನ ಮೇಲೆ ಹರಡಿ, ಯಾರು ಹೇಗೆ ಶುರುಮಾಡುತ್ತಾರೆ ಎಂದು ನೋಡತೊಡಗಿದೆ. ಪರಿಚಯದ ಪುಸ್ತಕದ ಯೋಗ್ಯತೆ ಮೊದಲ ಅಧ್ಯಾಯದಲ್ಲೇ ಗೊತ್ತಾಗುತ್ತದೆ.

ಫೈನ್‌ಮನ್ನರ 1972ರ ಉಪನ್ಯಾಸಗಳು, ಎಲ್ಲ ಸ್ಥಿತಿಗಳನ್ನೂ ತೂಕ ಹಾಕಿ ಕೂಡಿಸಿದ ಮೊತ್ತವಾದ ಪಾರ್ಟಿಷನ್ ಫಂಕ್ಷನ್ನಿನಿಂದಲೇ ಶುರು. ಇಡೀ ಶಾಸ್ತ್ರಕ್ಕೆ ಅದೇ ಶಿಖರ, ಉಳಿದದ್ದೆಲ್ಲ ಅಲ್ಲಿಂದ ಇಳಿಯುವುದು ಅಥವಾ ಅಲ್ಲಿಗೆ ಹತ್ತುವುದು ಎನ್ನುತ್ತಾರೆ ಅವರು. ಮಾತು ನಿಜ. ಆದರೆ ಹುಡುಗಿ ಇನ್ನೂ ಬೆಟ್ಟದ ಬುಡಕ್ಕೆ ಬಸ್ಸು ಹುಡುಕುತ್ತಿದ್ದಾಳೆ. ಫ್ರೆಡರಿಕ್ ರೀಫ್ ಅವರ 1965ರ ಪುಸ್ತಕ ಕುಡುಕನೊಬ್ಬ ದೀಪದ ಕಂಬದಿಂದ ತೂರಾಡುತ್ತ ಹೊರಡುವ ಲೆಕ್ಕದಿಂದ ಆರಂಭವಾಗುತ್ತದೆ. ಎತ್ತ ಬೇಕಾದರೂ ಕಾಲಿಡುವ ಅವನು ಕೊನೆಗೆ ಎಲ್ಲಿರುತ್ತಾನೆ ಎಂಬುದರಿಂದ ಸಂಭವನೀಯತೆ ಹೇಳಿಕೊಡುತ್ತಾರೆ. ಒಳ್ಳೆಯ ಮೇಷ್ಟ್ರು, ಆದರೆ ನಿಧಾನಿ. ಮುಂದೆ ಪುಟಗಳು ಬಹಳ. ಶ್ರೋಡಿಂಗರ್ ಡಬ್ಲಿನ್ನಿನ ಉಪನ್ಯಾಸಗಳನ್ನು 1946ರಲ್ಲಿ ನೂರು ಪುಟಕ್ಕೂ ಕಡಿಮೆಯಲ್ಲಿ ಮುಗಿಸಿದ್ದಾರೆ. ತೆಳ್ಳಗಿದೆ ಎಂದು ಸುಲಭವೆಂದುಕೊಂಡವರು ಗೋವಿಂದ.

ಕಿಟ್ಟೆಲ್ ಮತ್ತು ಕ್ರೋಮರ್ ಅವರ 'ಥರ್ಮಲ್ ಫಿಸಿಕ್ಸ್' ಮೇಲೂ ಕೆಳಗೂ ಮುಖ ಮಾಡಿದ ಪುಟ್ಟ ಅಯಸ್ಕಾಂತಗಳನ್ನು ಎಣಿಸುವುದರಿಂದ ಶುರುವಾಗುತ್ತದೆ, ಅದು ಸೊಗಸು. ಆದರೆ ತಾಪವನ್ನು ಕೆಲ್ವಿನ್ನಿನಲ್ಲಿ ಹೇಳುವುದು ಅವರಿಗೆ ಸೇರುವುದಿಲ್ಲ. ಶಕ್ತಿಯ ಏಕಮಾನದಲ್ಲೇ ಹೇಳಬೇಕು. ನನ್ನ ಅಕ್ಕನಿಗೆ ಆ ದಿನ ಜ್ವರ ಬಂದಿತ್ತು. ಕಿಟ್ಟೆಲ್ ಕ್ರಮದಲ್ಲಿ ಲೆಕ್ಕ ಹಾಕಿದೆ: ಆರೋಗ್ಯವಂತರ ಮೈ 4.28 × 10⁻²¹ ಜೂಲ್. 102 ಡಿಗ್ರಿ ಜ್ವರ ಬಂದಾಗ 4.31 × 10⁻²¹ ಜೂಲ್. "ಅಕ್ಕ, ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ, ಗಾಬರಿ ಬೇಡ," ಎಂದೆ. "ನಿನ್ನ ಜೂಲು ಹಾಳಾಗ, ಮಾತ್ರೆ ತಂದು ಕೊಡೋ," ಎಂದಳು.

ಕೊನೆಗೆ ಕೈಗೆ ಸಿಕ್ಕಿದ್ದು ಡೇನಿಯಲ್ ಶ್ರೋಡರ್ ಅವರ 'ಆನ್ ಇಂಟ್ರೊಡಕ್ಷನ್ ಟು ಥರ್ಮಲ್ ಫಿಸಿಕ್ಸ್'. ಶ್ರೋಡಿಂಗರ್ ಅಲ್ಲ, ಶ್ರೋಡರ್, ಬೆಕ್ಕಿನ ಸಹವಾಸವಿಲ್ಲ. 2000ನೇ ಇಸವಿಯ ಪುಸ್ತಕ. ಫಿಸಿಕ್ಸಿನವರದೇ ಆದರೂ ಮಾತು ನೇರ. ಅದರ ಎರಡನೆಯ ಅಧ್ಯಾಯದಲ್ಲಿ ಅಣುಗಳಿಗೆ ಶಕ್ತಿಯ ತುಣುಕು ಹಂಚುವ ಲೆಕ್ಕವಿದೆ. ಹಾರ್ವರ್ಡಿನ ಕೆಮಿಸ್ಟ್ರಿ ಪ್ರೊಫೆಸರ್ ಲೆನಾರ್ಡ್ ನ್ಯಾಶ್ ಬಹಳ ಹಿಂದೆಯೇ ತಮ್ಮ ಸಣ್ಣ ಪುಸ್ತಕದಲ್ಲಿ ಇಂಥದೇ ಹಂಚಿಕೆ ಮಾಡಿಸುತ್ತಿದ್ದರು. ಹುಡುಗಿಯನ್ನು ಮನೆಗೆ ಕರೆಸಿ, ಅದನ್ನೇ ಗೋಕುಲಾಷ್ಟಮಿಯ ಚಕ್ಕುಲಿ ಡಬ್ಬಿಯಿಂದ ತೋರಿಸಿದೆ.

"ಮೂರು ಮಕ್ಕಳು, ಮೂರು ಚಕ್ಕುಲಿ. ಎಷ್ಟು ಬಗೇಲಿ ಹಂಚಬಹುದು?"

ಬೆರಳು ಮಡಚಿದಳು. ಮೂರೂ ಒಬ್ಬರಿಗೇ ಹೋದರೆ ಮೂರು ಬಗೆ. ಒಬ್ಬರಿಗೆ ಎರಡು, ಇನ್ನೊಬ್ಬರಿಗೆ ಒಂದು ಎಂದರೆ ಆರು ಬಗೆ. ತಲೆಗೊಂದು ಎಂದರೆ ಒಂದೇ ಬಗೆ. ಒಟ್ಟು 10.

"ಚಕ್ಕುಲಿ ಮೇಲೆ ಒಂದು, ಎರಡು, ಮೂರು ಅಂತ ನಂಬರ್ ಬರೆದಿದ್ರೆ?"

"ಆಗ 27. ಆದ್ರೆ ಚಕ್ಕುಲಿಗೆ ಯಾರು ನಂಬರ್ ಬರೀತಾರೆ ಮಾವ?"

"ಬೆಳಕಿನ ಕಣಗಳಿಗೂ ಯಾರೂ ಬರೆಯಲ್ಲ. ಬೋಸ್ ಹಿಡಿದಿದ್ದು ಇದನ್ನೇ."

ಅವಳ ಕೈ ಡಬ್ಬಿಯ ಕಡೆ ಹೋಗುತ್ತಿದ್ದದ್ದು ನಿಂತಿತು. ಇದೇ ಸಮಯವೆಂದು ಮುಂದಿನ ಲೆಕ್ಕ ಇಟ್ಟೆ. ಅಕ್ಕಪಕ್ಕ ಎರಡು ಮನೆ, ಮನೆಗೆ ಮೂರು ಮಕ್ಕಳು, ಎರಡೂ ಮನೆಗೆ ಸೇರಿ ಆರು ಚಕ್ಕುಲಿ. ಒಟ್ಟು 462 ಬಗೆ. ಆರೂ ಈ ಮನೆಯಲ್ಲೇ ಉಳಿಯುವ ಬಗೆ 28. ಐದು-ಒಂದು ಆದರೆ 63. ನಾಲ್ಕು-ಎರಡು ಆದರೆ 90. ಮೂರು-ಮೂರು ಸಮಪಾಲಾದರೆ 100. ಸಮಪಾಲಿನ ಕಡೆಗೆ ಯಾರೂ ದೂಡುತ್ತಿಲ್ಲ, ಯಾವ ನ್ಯಾಯವಂತನೂ ನಡುವೆ ಕೂತು ಹಂಚುತ್ತಿಲ್ಲ. ಆ ಕಡೆ ಬಗೆಗಳು ಹೆಚ್ಚಿವೆ, ಅಷ್ಟೇ. ಆರು ಮಕ್ಕಳಲ್ಲಿ 100ಕ್ಕೂ 28ಕ್ಕೂ ಅಂತರ ಸ್ವಲ್ಪ. ಮಕ್ಕಳ ಸಂಖ್ಯೆ 10²³ ಆದಾಗ ಉಳಿದ ಬಗೆಗಳು ಎಣಿಕೆಗೇ ಬಾರದಷ್ಟು ನಗಣ್ಯವಾಗಿ, ಸಮಪಾಲಿನ ಆಸುಪಾಸೊಂದೇ ಉಳಿಯುತ್ತದೆ. ಬಿಸಿ ತಣ್ಣನೆಯ ಕಡೆಗೇ ಹರಿಯುತ್ತದೆ, ಎಂದೂ ಹಿಂದಕ್ಕೆ ಬಾರದು ಎಂಬ ಎರಡನೆಯ ನಿಯಮ ಎಂದರೆ ಇಷ್ಟೇ. ವಿಯೆನ್ನಾದ ಕಲ್ಲಿನ ಮೇಲಿರುವ ಡಬ್ಲ್ಯೂ ಎಂದರೆ ಈ 462.

"ಅಂದ್ರೆ ಹಿಂದಕ್ಕೆ ಬರೋದು ಅಸಾಧ್ಯ ಅಲ್ಲ, ಬಗೆ ಕಮ್ಮಿ ಅಷ್ಟೇ?" ಎಂದಳು.

ಆ ಪ್ರಶ್ನೆ ಕೇಳಿಸುವ ಪುಸ್ತಕವೇ ಮೊದಲ ಪುಸ್ತಕ.

ಆಮೇಲೆ ಅವಳೇ ಪುಸ್ತಕ ತೆಗೆದುಕೊಂಡು ಹೋಗಿ ಲೆಕ್ಕ ಮಾಡತೊಡಗಿದಳು. ಒಂದು ಸಂಜೆ, ಫ್ಯಾಕ್ಟೋರಿಯಲ್ಲಿನ ಲಾಗನ್ನು ಅಂದಾಜಿಸುವ ಸೂತ್ರದ ಮೇಲೆ ಫೋನಿನಲ್ಲಿ ದೂರು: "ಮಾವ, ಈ ಸ್ಟರ್ಲಿಂಗ್ ಸೂತ್ರ ಮೋಸ. ಹತ್ತರ ಫ್ಯಾಕ್ಟೋರಿಯಲ್‌ಗೆ ಲಾಗ್ 15.10 ಬರಬೇಕು, ಸೂತ್ರ 13.03 ಕೊಡ್ತಿದೆ. ನೂರಕ್ಕೆ ಎರಡಲ್ಲ ಮೂರಲ್ಲ, ಹದಿನಾಲ್ಕು ತಪ್ಪು!" ನೂರು ಹಾಕಿ ನೋಡು ಎಂದೆ. ಸ್ವಲ್ಪ ಹೊತ್ತಿಗೆ ಮತ್ತೆ ಫೋನು: 363.74 ಬರಬೇಕಾದಲ್ಲಿ 360.52, ತಪ್ಪು ನೂರಕ್ಕೆ ಒಂದೂ ಇಲ್ಲ. 10²³ಕ್ಕೆ ಹೋದರೆ ತಪ್ಪನ್ನು ಹುಡುಕಲು ಬೇರೆ ಸಂಶೋಧನೆಯೇ ಬೇಕು. ಈ ಶಾಸ್ತ್ರದ ವಿಚಿತ್ರವೇ ಅದು: ಜನ ಕಡಿಮೆಯಿದ್ದರೆ ಲೆಕ್ಕ ಕೆಡುತ್ತದೆ, ಜಾತ್ರೆ ಸೇರಿದಷ್ಟೂ ಸರಿಯಾಗುತ್ತದೆ.

ಇನ್ನೊಂದು ದಿನ ಅವಳ ದನಿಯೇ ಬೇರೆಯಾಗಿತ್ತು. 1912ರಲ್ಲಿ ಜರ್ಮನಿಯ ಸಾಕುರ್ ಮತ್ತು ನೆದರ್ಲೆಂಡ್ಸಿನ ಟೆಟ್ರೋಡ್ ಬೇರೆಬೇರೆಯಾಗಿ ಕಂಡುಕೊಂಡ ಸಮೀಕರಣಕ್ಕೆ ಆರ್ಗಾನ್ ಪರಮಾಣುವಿನ ತೂಕ, ಕೋಣೆಯ ತಾಪ, ಒತ್ತಡ, ಪ್ಲಾಂಕ್ ಸ್ಥಿರಾಂಕ, ಬೋಲ್ಟ್ಸ್‌ಮನ್ ಸ್ಥಿರಾಂಕ ಇಷ್ಟನ್ನು ತುಂಬಿದ್ದಳು. ಎಂಟ್ರಪಿ ಮೋಲಿಗೆ 154.8 ಜೂಲ್ ಪ್ರತಿ ಕೆಲ್ವಿನ್ ಎಂದು ಬಂತು. ಡೇಟಾ ಪುಸ್ತಕ ತೆರೆದರೆ ಅಲ್ಲೂ ಅದೇ. ಆರ್ಗಾನನ್ನು ಹೆಪ್ಪುಗಟ್ಟಿಸಿ, ನಿರಪೇಕ್ಷ ಸೊನ್ನೆಯ ಹತ್ತಿರದಿಂದ ಮೆಲ್ಲಗೆ ಬಿಸಿ ಮಾಡುತ್ತ, ಹೀರಿದ ಉಷ್ಣವನ್ನು ಅಳೆದವರಿಗೆ ಸಿಕ್ಕುವ ಉತ್ತರಕ್ಕೆ ಇವಳು ಹಾಸ್ಟೆಲ್ ಮಂಚದ ಮೇಲೆ ಕೂತು ಕ್ಯಾಲ್ಕುಲೇಟರಿನಿಂದ ತಲುಪಿದ್ದಳು. ರೂಂಮೇಟನ್ನು ಎಬ್ಬಿಸಿ ತೋರಿಸಿದಳಂತೆ. ಆ ಹುಡುಗಿ ಕನ್ನಡ ಎಂಎ. "ಒಳ್ಳೇದಾಯ್ತು" ಎಂದು ಹೊದ್ದು ಮಲಗಿದಳಂತೆ.

ಅಷ್ಟಾದ ಮೇಲೆ ಅವಳಿಗೆ ಮೆಕ್‌ಕ್ವಾರಿ ತಾನಾಗಿಯೇ ಬೇಕಾಯಿತು, ಹಿಲ್ ಬೇಕಾಯಿತು. ಆ ಪುಸ್ತಕಗಳಲ್ಲಿ ಬರುವ ಎನ್ಸೆಂಬಲ್ ಎಂದರೆ ಏನೆಂದು ಹೇಳಿಕೊಡುವ ಕೆಲಸ ನನಗೆ ಬೀಳಲಿಲ್ಲ. ಎರಡನೆಯ ವರ್ಷದಲ್ಲಿ ಲೈಬ್ರರಿಯಿಂದ ಲ್ಯಾಂಡೌ ತಂದಳು. ಕೆಲವು ಅಧ್ಯಾಯ ಓದಿ, "ಮಾವ, ಆಹಾ, ಏನು ಪುಸ್ತಕ!" ಎಂದಳು. ಫಿಸಿಕ್ಸ್ ಮೇಷ್ಟ್ರ ದನಿಯೇ. ನನಗೆ ಸಣ್ಣಗೆ ಭಯವಾಯಿತು.

ಭಯ ನಿಜವಾಗಲು ತಡವಾಗಲಿಲ್ಲ. ಮೊನ್ನೆ ಹಬ್ಬಕ್ಕೆ ಬಂದಿದ್ದಾಗ ಕೇಳಿದೆ: "ನಿನ್ನ ಜೂನಿಯರ್‌ಗಳು ಈ ಸಬ್ಜೆಕ್ಟಿಗೆ ಪುಸ್ತಕ ಕೇಳಿದ್ರೆ ಏನ್ ಹೇಳ್ತೀಯ?"

"ಕೇಳಿದ್ಲು ಒಬ್ಳು. ಲ್ಯಾಂಡೌ ಅಂದೆ."

"ಶ್ರೋಡರ್ ಅನ್ನಲಿಲ್ವಾ?"

"ಎಲ್ರ ಎದುರಿಗೆ ಕೇಳಿದ್ಲು ಮಾವ. ಮರ್ಯಾದೆ ಪ್ರಶ್ನೆ." ಸ್ವಲ್ಪ ತಡೆದು, "ರಾತ್ರಿ ಅವಳ ರೂಮಿಗೆ ಹೋಗಿ ನನ್ನ ಶ್ರೋಡರ್ ಕೊಟ್ಟು ಬಂದೆ," ಎಂದಳು. "ಪೆನ್ಸಿಲ್ಲಲ್ಲಿ ಗೀಚಿದ್ದನ್ನೆಲ್ಲ ಅಳಿಸಿ ಕೊಡೋಣ ಅಂತ ರಬ್ಬರ್ ತಗೊಂಡೆ. ಕೊನೇ ಪುಟದವರೆಗೂ ಇತ್ತು. ಯಾರು ಅಷ್ಟು ಅಳಿಸ್ತಾರೆ ಅಂತ ಹಾಗೇ ಕೊಟ್ಟೆ."